ದನದ ದವಾಖಾನೆಯ ಲೆಕ್ಕ: ವೆಟರ್ನರಿ ಸೀಟು ತಗೊಳ್ಳುವ ಮುನ್ನ

ಸಿಇಟಿ ರ್‍ಯಾಂಕ್ ಬಂದ ವಾರ ಜಮಖಂಡಿಯಿಂದ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮಾ, ಎಂಬಿಬಿಎಸ್ ಸಿಗೂದಿಲ್ಲ ಅನ್ನೂದು ಖಾತ್ರಿ ಆತು. ವೆಟರ್ನರಿ ಬರಬಹುದು. ತಗೊಳ್ಳೋದೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳು." ಹಿಂದಿನಿಂದ ಅಕ್ಕನ ದನಿಯೂ ಕೇಳಿಸಿತು: "ದನದ ಡಾಕ್ಟರ್ ಆದ್ರ ನಾಳೆ ಮದಿವಿ ಹೆಂಗ ಅಂತ ಅವನ್ನ ಕೇಳು."

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ದನದ ದವಾಖಾನೆಗಳಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಆದರೂ ಒಂದು ಮಾತಿನಲ್ಲಿ ಹೇಳಲು ಆಗಲಿಲ್ಲ. ಪೇಪರಿನಲ್ಲಿ "ಪಶುವೈದ್ಯರ ಕೊರತೆ" ಅಂತ ಓದಿದವರಿಗೆ ಇದು ಸುಲಭವಾಗಿ ನೌಕರಿ ಸಿಗುವ ಕೋರ್ಸು ಅನ್ನಿಸುತ್ತದೆ. ಊರಿನಲ್ಲಿ ನಮ್ಮನ್ನು ನೋಡಿದವರಿಗೆ ಸಗಣಿಯಲ್ಲಿ ಕೈ ಹಾಕುವ ಕೆಲಸ ಅನ್ನಿಸುತ್ತದೆ. ಎರಡೂ ಅರ್ಧ ನಿಜ. ಉಳಿದ ಅರ್ಧವನ್ನು ಅವಳಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಜ್ವರವಿಲ್ಲದ ಹಾಲು ಜ್ವರ

ಇಂಡಿ ತಾಲ್ಲೂಕಿನಲ್ಲಿದ್ದಾಗ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. "ಸಾಹೇಬ್ರ, ಆಕಳಾ ಎದ್ದ ನಿಂದ್ರವಲ್ತ್ರೀ. ನಿನ್ನೆ ಕರಾ ಹಾಕೈತಿ." ಹದಿನಾಲ್ಕು ಕಿಲೋಮೀಟರ್ ಬೈಕ್ ಮೇಲೆ ಹೋದೆ. ಪತ್ರಾಸಿನ ಶೆಡ್ಡಿನಲ್ಲಿ ಒಂದು ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಷಿಯನ್ ತಳಿಯ ಆಕಳು ಕೂತಿತ್ತು. ಕತ್ತು ಬಾಗಿಸಿ ತಲೆಯನ್ನು ಪಕ್ಕೆಗೆ ಒರಗಿಸಿಕೊಂಡಿತ್ತು. ಮೂಗಿನ ತುದಿ ಒಣಗಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಅಷ್ಟು ನೋಡಿದರೆ ಸಾಕು, ಇದು ಹಾಲು ಜ್ವರ.

ಹೆಸರಿನಲ್ಲಿ ಜ್ವರವಿದೆ, ಮೈಯಲ್ಲಿ ಇರುವುದಿಲ್ಲ. ಥರ್ಮಾಮೀಟರ್ ಇಟ್ಟರೆ ಮಾಮೂಲಿಗಿಂತ ಕಡಿಮೆಯೇ ತೋರಿಸುತ್ತದೆ. ಆಗುವುದು ಇಷ್ಟು. ಕರು ಹಾಕಿದ ಕೂಡಲೇ ಕೆಚ್ಚಲು ಹಾಲು ಮಾಡಲು ಶುರು ಮಾಡುತ್ತದೆ. ಹಾಲಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಬೇಕು. ಅದು ರಕ್ತದಿಂದ ಒಮ್ಮೆಲೇ ಕೆಚ್ಚಲಿಗೆ ಇಳಿಯುತ್ತದೆ. ಮೂಳೆಯಲ್ಲಿ ಕ್ಯಾಲ್ಸಿಯಂ ರಾಶಿ ಇದೆ, ಆದರೆ ಅದನ್ನು ತೆಗೆದು ರಕ್ತಕ್ಕೆ ಕೊಡುವ ವ್ಯವಸ್ಥೆ ಎಚ್ಚರಗೊಳ್ಳಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ. ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಹೃದಯ. ಜಾಸ್ತಿ ಹಾಲು ಕೊಡುವ, ಮೂರನೆಯ ಅಥವಾ ನಾಲ್ಕನೆಯ ಸೂಲಿನ ಆಕಳುಗಳಿಗೆ, ಈದ ಮೂರು ದಿನದೊಳಗೆ ಬರುವುದು ಹೆಚ್ಚು.

ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಂಡೆ. ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿ ಹನಿ ಹನಿಯಾಗಿ ಬಿಟ್ಟೆ. ಇಲ್ಲಿ ಅವಸರ ಮಾಡಿದರೆ ಹೃದಯವೇ ನಿಲ್ಲುತ್ತದೆ. ಒಂದು ಕೈಯಲ್ಲಿ ಬಾಟಲಿ, ಕಿವಿಗೆ ಸ್ಟೆತಾಸ್ಕೋಪು, ಎದೆ ಬಡಿತ ತಪ್ಪಿತೋ ಪೈಪು ಮಡಚಬೇಕು. ಅರ್ಧ ಬಾಟಲಿ ಆಗುವ ಹೊತ್ತಿಗೆ ತೊಡೆಯ ಸ್ನಾಯು ನಡುಗಿತು. ಡೇಗು ಬಂತು. ಸಗಣಿ ಹಾಕಿತು. ಇನ್ನೊಂದು ಸ್ವಲ್ಪ ಹೊತ್ತಿಗೆ ಆಕಳು ಹಿಂಗಾಲು ಊರಿ ಎದ್ದೇ ನಿಂತಿತು. ಮನೆಯ ಅಜ್ಜಿ ಬಂದು ಆಕಳಿನ ಕಾಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ನಮ್ಮ ಕೆಲಸದಲ್ಲಿ ಇಂಥ ಗಳಿಗೆ ಕಡಿಮೆ. ಸತ್ತೇಹೋಯಿತು ಅಂದುಕೊಂಡದ್ದು ಅರ್ಧ ಗಂಟೆಯಲ್ಲಿ ಎದ್ದು ನೀರು ಕುಡಿಯುವ ರೋಗಗಳು ಬೆರಳೆಣಿಕೆಯಷ್ಟೇ.

ಹೊರಡುವಾಗ ಹೇಳಿದ್ದು ಎರಡು ಮಾತು. ಮೊದಲ ಎರಡು ದಿನ ಕೆಚ್ಚಲು ಪೂರ್ತಿ ಬರಿದಾಗುವಂತೆ ಹಿಂಡಬೇಡಿ. ಗಬ್ಬದ ಕೊನೆಯ ತಿಂಗಳಲ್ಲಿ "ಬಲ ಬರಲಿ" ಅಂತ ಕ್ಯಾಲ್ಸಿಯಂ ಟಾನಿಕ್ ಕುಡಿಸಬೇಡಿ. ಎರಡನೆಯದನ್ನು ಯಾರೂ ನಂಬುವುದಿಲ್ಲ! ಹೊರಗಿನಿಂದ ಪುಕ್ಕಟೆ ಸಿಗುತ್ತಿದ್ದರೆ ಮೂಳೆಯಿಂದ ತೆಗೆಯುವ ವ್ಯವಸ್ಥೆ ಸೋಮಾರಿಯಾಗಿ ಮಲಗುತ್ತದೆ, ಬೇಕಾದಾಗ ಏಳುವುದಿಲ್ಲ. ಹಾಗಂತ ಈದ ಮೇಲೂ ಕೊಡಬಾರದು ಅಂತಲ್ಲ, ಆಗ ಕೊಡಲೇಬೇಕು. ಅಥಣಿ, ರಾಯಬಾಗ, ಮುಧೋಳ ಕಡೆ ಇನ್ನೊಂದು ಕಾರಣವೂ ಸೇರುತ್ತದೆ. ಕಬ್ಬಿನ ಕಟಾವು ಶುರುವಾದರೆ ದನಗಳಿಗೆ ಮೂರು ಹೊತ್ತೂ ಸೋಗೆಯೇ. ಸೋಗೆಯಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಹೊಟ್ಟೆಯಲ್ಲೇ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಸೋಗೆಯ ಜೊತೆ ಬೇರೆ ಹಸಿ ಮೇವು, ಖನಿಜ ಮಿಶ್ರಣ ಹಾಕಿ ಅನ್ನುವುದು ಅದಕ್ಕೇ.

"ಇದರ ಬೆಲೆ ಎಷ್ಟ್ರಿ?"

ಆ ಆಕಳಿಗೆ ಲಕ್ಷದ ಹತ್ತಿರ ಬೆಲೆಯಿತ್ತು. ಬಾಟಲಿಗೆ ಕೆಲವು ನೂರು. ಮನೆಯವರು ಒಂದು ಗಳಿಗೆಯೂ ಯೋಚಿಸಲಿಲ್ಲ. ಅದೇ ವಾರ ಒಂದು ಮುದಿ ಎತ್ತು ಕಾಲು ಮುರಿದುಕೊಂಡು ಬಂತು. ಮನುಷ್ಯರಿಗಾದರೆ ರಾಡು ಹಾಕಿ ಕೂಡಿಸುವ ಮುರಿತ. ಅಷ್ಟು ಭಾರದ ಪ್ರಾಣಿಯನ್ನು ಎರಡು ತಿಂಗಳು ಮಲಗಿಸಿಡುವುದು ಹೇಗೆ? ದುಡ್ಡು ಯಾರು ಹಾಕುತ್ತಾರೆ? ರೈತ ಎತ್ತಿನ ಬೆನ್ನು ಸವರುತ್ತಾ ನಿಂತಿದ್ದ. ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಮಾತಾಡಲಿಲ್ಲ.

ಈ ವೃತ್ತಿಯ ಮುಕ್ಕಾಲು ಪಾಲು ಸಮಸ್ಯೆಗಳ ಬೇರು ಇಲ್ಲಿದೆ. ಮನುಷ್ಯರ ಆಸ್ಪತ್ರೆಯಲ್ಲಿ ರೋಗ ಏನು ಅನ್ನುವುದು ಗೊತ್ತಾದರೆ ಚಿಕಿತ್ಸೆ ಯಾವುದು ಅನ್ನುವುದೂ ಗೊತ್ತಾದ ಹಾಗೆ. ನಮ್ಮಲ್ಲಿ ನಡುವೆ ಒಂದು ಪ್ರಶ್ನೆ ಬಂದು ಕೂರುತ್ತದೆ: ಈ ಪ್ರಾಣಿಯ ಬೆಲೆ ಎಷ್ಟು? ಆಡಿಗೆ ಎರಡು ಸಾವಿರದ ಔಷಧ ಬರೆದರೆ ನಾಳೆ ಅದು ದವಾಖಾನೆಗೆ ಬರುವುದಿಲ್ಲ, ಅಮೀನಗಡದ ಕುರಿ ಸಂತೆಗೆ ಹೋಗುತ್ತದೆ. ಅದು ರೈತನ ಕ್ರೂರತನ ಅಲ್ಲ, ಅವನ ಮನೆಯ ಬಜೆಟ್ಟು. ಒಳ್ಳೆಯ ಪಶುವೈದ್ಯ ಮನಸ್ಸಿನಲ್ಲಿ ಎರಡು ಚೀಟಿ ಬರೆದುಕೊಳ್ಳುತ್ತಾನೆ, ಒಂದು ಪುಸ್ತಕದ್ದು, ಇನ್ನೊಂದು ಈ ಮನೆಯದ್ದು. ಎರಡನ್ನೂ ಹತ್ತಿರ ತರುವುದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ನಾಯಿ-ಬೆಕ್ಕಿನ ಕ್ಲಿನಿಕ್ಕುಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಪುಕ್ಕಟೆ ತಂದ ಬೀದಿ ನಾಯಿಗೂ ಹತ್ತು ಸಾವಿರ ಖರ್ಚು ಮಾಡುವವರಿದ್ದಾರೆ. ಓದಿ ಬಂದ ಹುಡುಗರು ಬೆಳಗಾವಿಯ ಟಿಳಕವಾಡಿಯಲ್ಲೋ ಹುಬ್ಬಳ್ಳಿಯಲ್ಲೋ ಕ್ಲಿನಿಕ್ ಹಾಕಿ ಹಳ್ಳಿಗೆ ಬರಲು ಹಿಂದೆಮುಂದೆ ನೋಡುವುದು ಯಾಕೆ ಅಂತ ಕೇಳಿದರೆ ಉತ್ತರ ಇದರಲ್ಲೇ ಇದೆ.

ಡಾಕ್ಟರ್ ಕಡಿಮೆ, ಅದಕ್ಕಿಂತ ಕಡಿಮೆ ಅವರ ಸಮಯ

ಐದು ಸಾವಿರ ದನಕ್ಕೆ ಒಬ್ಬ ಪಶುವೈದ್ಯ ಇರಬೇಕು ಅಂತ ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 85 ಲಕ್ಷ ದನ, 30 ಲಕ್ಷ ಎಮ್ಮೆ, 110 ಲಕ್ಷ ಕುರಿ, 62 ಲಕ್ಷ ಆಡು ಇವೆ. ಹತ್ತು ಕುರಿ-ಆಡಿಗೆ ಒಂದು ದನ ಅಂತ ಹಿಡಿದರೂ 132 ಲಕ್ಷ ಆಗುತ್ತದೆ. ಐದು ಸಾವಿರದಿಂದ ಭಾಗಿಸಿ. ಎರಡು ಸಾವಿರದ ಆರುನೂರಕ್ಕೂ ಜಾಸ್ತಿ ಡಾಕ್ಟರ್ ಬೇಕು. ಅವರೆಲ್ಲ ಖುರ್ಚಿಯಲ್ಲಿ ಇರಬೇಕು, ರಜೆ ಹಾಕಬಾರದು, ನಾಯಿ-ಕೋಳಿ ಲೆಕ್ಕಕ್ಕೇ ಇಲ್ಲ.

ಆದರೆ ಈ ಭಾಗಾಕಾರ ಸುಮ್ನೆ ಕಾಗದದ ಮೇಲಿನದು. ಐದು ಸಾವಿರ ದನ ಒಂದೇ ಶೆಡ್ಡಿನಲ್ಲಿ ಇರುವುದಿಲ್ಲ. ಹತ್ತು-ಹನ್ನೆರಡು ಹಳ್ಳಿ, ನಲವತ್ತು ತೋಟದ ವಸ್ತಿ, ಅರ್ಧಕ್ಕೆ ಮಳೆಗಾಲದಲ್ಲಿ ದಾರಿ ಇಲ್ಲ. ಎದ್ದು ನಿಲ್ಲದ ಎಮ್ಮೆಯನ್ನು ದವಾಖಾನೆಗೆ ತರಲು ಆಗುವುದಿಲ್ಲ. ನಾವೇ ಹೋಗಬೇಕು. ಒಂದು ಕೇಸಿಗೆ ಹೋಗಿ ಬರುವುದರಲ್ಲಿ ಬೆಳಗಿನ ಹೊತ್ತು ಮುಗಿಯುತ್ತದೆ.

ಉಳಿದ ಹೊತ್ತು ಎಲ್ಲಿ ಹೋಗುತ್ತದೆ? ಕಾಲುಬಾಯಿ ಬೇನೆಯ ಲಸಿಕೆ ಸುತ್ತು, ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕಿ ಆ್ಯಪಿನಲ್ಲಿ ದಾಖಲು ಮಾಡುವುದು, ವಿಮೆಗೆ ಸತ್ತ ದನದ ಪೋಸ್ಟ್‌ಮಾರ್ಟಮ್, ಪರಿಹಾರದ ಅರ್ಜಿ, ಗಣತಿ, ಮೀಟಿಂಗು. ನೆಟ್‌ವರ್ಕ್ ಇಲ್ಲದ ವಸ್ತಿಯಲ್ಲಿ ಆ್ಯಪು ತೆರೆಯುವುದಿಲ್ಲ, ಅದಕ್ಕೆ ಹಾಳೆಯಲ್ಲಿ ಬರೆದುಕೊಂಡು ರಾತ್ರಿ ಮನೆಯಲ್ಲಿ ಕೂತು ಏರಿಸುವುದು. ಈ ಕೆಲಸ ಬೇಡ ಅನ್ನುತ್ತಿಲ್ಲ. ಯಾವ ದನಕ್ಕೆ ಯಾವ ಲಸಿಕೆ ಯಾವತ್ತು ಬಿತ್ತು ಅನ್ನುವುದು ಗೊತ್ತಿಲ್ಲದೆ ರೋಗ ತಡೆಯಲು ಆಗುವುದಿಲ್ಲ. ಆದರೆ ಇದನ್ನು ಐದೂವರೆ ವರ್ಷ ಓದಿದವನೇ ಮಾಡಬೇಕಾ ಅನ್ನುವುದು ನನ್ನ ತಕರಾರು.

ಈಗ ಒಂದು ಒಳ್ಳೆಯದು ಆಗಿದೆ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಲಕ್ಷ ಜಾನುವಾರಿಗೆ ಒಂದು ಗಾಡಿ, ಅದರಲ್ಲಿ ಒಬ್ಬ ಡಾಕ್ಟರ್, ಒಬ್ಬ ಸಹಾಯಕ, ಒಬ್ಬ ಡ್ರೈವರ್ ಅನ್ನುವುದು ಕೇಂದ್ರದ ಯೋಜನೆಯ ಲೆಕ್ಕ. ಊರಿನ ಪಶು ಸಖಿಯರು ಪ್ರಥಮ ಚಿಕಿತ್ಸೆ, ಲಸಿಕೆಯ ಸುದ್ದಿ ಮುಟ್ಟಿಸುವುದು ಮಾಡುತ್ತಾರೆ. ಪಶು ಸಖಿ ಚುರುಕಾಗಿರುವ ಊರಿನಲ್ಲಿ ನನಗೆ ರಾತ್ರಿ ಫೋನ್ ಕಡಿಮೆ.

ಡಾಕ್ಟರ್ ಬರುವ ಮೊದಲು ಬರುವ ಸೂಜಿ

ನಾನು ಹೋಗುವುದರೊಳಗೆ ಹತ್ತರಲ್ಲಿ ನಾಲ್ಕು ಕೇಸಿಗೆ ಯಾರೋ ಒಬ್ಬರು ಸೂಜಿ ಚುಚ್ಚಿ ಹೋಗಿರುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಕೆಲಸ ಕಲಿತವನು, ಹಿಂದೆ ಯಾವುದೋ ದವಾಖಾನೆಯಲ್ಲಿ ಕೈಯಾಳಾಗಿದ್ದವನು. ಭಾರತೀಯ ಪಶುವೈದ್ಯ ಪರಿಷತ್ತಿನ 1984ರ ಕಾಯ್ದೆ ಪ್ರಕಾರ ನೋಂದಾಯಿತ ಪಶುವೈದ್ಯ ಮಾತ್ರ ಚಿಕಿತ್ಸೆ ಕೊಡಬಹುದು. ಡಿಪ್ಲೊಮಾ ಓದಿದವರು ವೈದ್ಯರ ಉಸ್ತುವಾರಿಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು. ಕಾಯ್ದೆ ಸ್ಪಷ್ಟವಾಗಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಕರೆದರೆ ಹತ್ತು ನಿಮಿಷದಲ್ಲಿ ಬರುವವನು ಅವನು, ನಾಳೆ ಹತ್ತಕ್ಕೆ ಬರುವವನು ನಾನು. ರೈತ ಯಾರನ್ನು ಕರೆಯುತ್ತಾನೆ ಹೇಳಿ?

ಅವನು ಬರುವುದಕ್ಕಿಂತ ಅವನು ಏನು ಚುಚ್ಚುತ್ತಾನೆ ಅನ್ನುವುದು ನನ್ನ ಚಿಂತೆ. ಮಾಮೂಲಿಯಾಗಿ ಒಂದು ನೋವಿನ ಔಷಧ, ಒಂದು ಆ್ಯಂಟಿಬಯೋಟಿಕ್, ಒಂದೇ ಡೋಸು. ದನ ಅವತ್ತಿನ ಮಟ್ಟಿಗೆ ಮೇವು ತಿನ್ನುತ್ತದೆ. ರೋಗಾಣು ಪೂರ್ತಿ ಸಾಯುವುದಿಲ್ಲ. ಉಳಿದವು ಆ ಔಷಧಕ್ಕೆ ಒಗ್ಗಿಕೊಳ್ಳುತ್ತವೆ. ಮುಂದಿನ ಸಲ ಕೆಚ್ಚಲು ಬಾವು ಬಂದಾಗ ಅದೇ ಔಷಧ ನೀರಿಗೆ ಸಮ. ಇನ್ನೊಂದು ಕಡೆ, ಆ್ಯಂಟಿಬಯೋಟಿಕ್ ಕೊಟ್ಟ ಆಕಳಿನ ಹಾಲನ್ನು ಬಾಟಲಿಯ ಮೇಲೆ ಬರೆದಷ್ಟು ದಿನ ಡೇರಿಗೆ ಹಾಕಬಾರದು. ಹಾಕದಿದ್ದರೆ ದಿನಕ್ಕೆ ಐನೂರು ಆರುನೂರು ನಷ್ಟ. ಅದನ್ನು ತುಂಬಿಕೊಡುವವರು ಯಾರೂ ಇಲ್ಲ. ಹಾಗಾಗಿ ಹಾಲು ಕ್ಯಾನಿಗೆ ಹೋಗುತ್ತದೆ, ಅಲ್ಲಿಂದ ನಮ್ಮ ನಿಮ್ಮ ಚಹಾಕ್ಕೆ.

ಔಷಧದ ತಪ್ಪು ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದಕ್ಕೆ ರಣಹದ್ದಿನ ಕತೆ ಸಾಕು. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಕಿಡ್ನಿ ಕೆಡಿಸಿತು. ದೇಶದ ರಣಹದ್ದುಗಳು ಕಣ್ಣೆದುರೇ ಹೆಚ್ಚೂಕಮ್ಮಿ ಖಾಲಿಯಾದವು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೊಪ್ರೊಫೇನ್, ಅಸಿಕ್ಲೋಫಿನಾಕ್ ಕೂಡ ಹೋದವು. ಅದಕ್ಕೆ ಬದಲು ಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕಾಮ್ ಇದೆ, ನಮ್ಮ ಕಿಟ್‌ನಲ್ಲಿ ಈಗ ಅದೇ ಇರುವುದು. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಕೋಳಿ ಆಹಾರದಲ್ಲಿ ಬೆರೆಸುವುದನ್ನೂ 2019ರಲ್ಲಿ ನಿಲ್ಲಿಸಿದರು. ಅಕ್ಕನ ಮಗಳಿಗೆ ಹೇಳಿದೆ: ನೀನು ಓದುವ ಕಾಲಕ್ಕೆ ಯಾವ ಔಷಧ ಕೊಡಬೇಕು ಅನ್ನುವಷ್ಟೇ ಯಾವುದು ಕೊಡಬಾರದು ಅನ್ನುವುದೂ ದೊಡ್ಡ ಪಾಠ.

ಗಂಟಿನ ವರ್ಷ

2022 ನಮ್ಮ ಭಾಗದ ಯಾವ ಪಶುವೈದ್ಯನೂ ಮರೆಯದ ವರ್ಷ. ಚರ್ಮಗಂಟು ರೋಗ ದೇಶದಲ್ಲಿ ಮೊದಲು ಕಂಡದ್ದು 2019ರಲ್ಲಿ, ಒಡಿಶಾದಲ್ಲಿ. ಮೂರು ವರ್ಷದಲ್ಲಿ ಅದು ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರ ತುಳಿದು ನಮ್ಮ ಬಾಗಿಲಿಗೂ ಬಂತು. ಮೈತುಂಬ ಗಂಟು, ಕಾಲು ಬಾತು, ಜ್ವರ, ಮೇವು ಮುಟ್ಟುವುದಿಲ್ಲ. ಸೊಳ್ಳೆ, ನೊಣ, ಉಣ್ಣೆ ಇದನ್ನು ಹರಡುತ್ತವೆ. ಮನುಷ್ಯರಿಗೆ ಬರುವುದಿಲ್ಲ. ಆದರೂ ಆ ತಿಂಗಳುಗಳಲ್ಲಿ ಹಾಲು ಕುಡಿಯಬಹುದಾ ಅಂತ ಕೇಳದವರೇ ಇರಲಿಲ್ಲ.

ಇದಕ್ಕೆ ಹತ್ತಿರದ ಸಂಬಂಧಿ ಆಡಿನ ಸಿಡುಬಿನ ವೈರಸ್. ಅದಕ್ಕೇ ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿದೆವು. ದನದ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ವಿಜಯಪುರದ ಸಿದ್ಧೇಶ್ವರ ಜಾತ್ರೆ ಅಂದರೆ ಸಂಕ್ರಾಂತಿಗೆ ಕಿಲಾರಿ ತಳಿಯ ಹೋರಿಗಳ ಸಾಲು. ಮಗನಿಗಿಂತ ಹೆಚ್ಚು ಜೋಪಾನ ಮಾಡಿದ ಹೋರಿಯ ಮೈಮೇಲೆ ಗಂಟು ಎದ್ದರೆ ಆ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ.

ಲಸಿಕೆಗೆ ಮುಂಚೆ ಬೇಡ ಅಂದವರು ರೋಗ ಬಂದ ಮೇಲೆ ಸಾಲುಗಟ್ಟಿದರು. ಬೇಡ ಅನ್ನುವುದಕ್ಕೂ ಕಾರಣವಿದೆ. ಕಾಲುಬಾಯಿ ಬೇನೆ ಲಸಿಕೆ ಹಾಕಿದ ಮೇಲೆ ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯುತ್ತದೆ, ಕೆಲವಕ್ಕೆ ಸೂಜಿ ಜಾಗ ಬಾಯುತ್ತದೆ. ದೇಹ ರೋಗದ ಜೊತೆ ಕುಸ್ತಿಯ ತಾಲೀಮು ಮಾಡುತ್ತಿರುವ ಗುರುತು ಅದು. ಆದರೆ ಎಮ್ಮೆಯ ಹಾಲಿನಿಂದಲೇ ವಾರದ ಸಂತೆ ಮಾಡುವ ಹೆಣ್ಣುಮಗಳಿಗೆ ಎರಡು ದಿನದ ಹಾಲು ಕಣ್ಣಿಗೆ ಕಾಣುತ್ತದೆ, ಬರದೇ ಹೋದ ರೋಗ ಕಾಣುವುದಿಲ್ಲ. ಕಾಲುಬಾಯಿ ಬೇನೆ ಮತ್ತು ಕಂದು ರೋಗ (ಬ್ರುಸೆಲ್ಲೋಸಿಸ್) ಎರಡಕ್ಕೂ ಕೇಂದ್ರದ ಪುಕ್ಕಟೆ ಲಸಿಕೆ ಕಾರ್ಯಕ್ರಮ 2019ರಿಂದ ನಡೆಯುತ್ತಿದೆ. ಮೊದಲನೆಯದು ಆರು ತಿಂಗಳಿಗೊಮ್ಮೆ. ಎರಡನೆಯದು ನಾಲ್ಕರಿಂದ ಎಂಟು ತಿಂಗಳಿನ ಹೆಣ್ಣುಗರುಗಳಿಗೆ, ಜೀವಮಾನದಲ್ಲಿ ಒಂದೇ ಸಲ.

ಹೆಣ್ಣುಗರುವಿನ ನಳಿಕೆ

ಈಗ ರೈತರು ಅತಿ ಹೆಚ್ಚು ಕೇಳುವುದು ಇದನ್ನೇ. "ಹೆಣ್ಣ ಕರಾನ ಹುಟ್ಟೂ ಇಂಜೆಕ್ಷನ್ ಐತೇನ್ರಿ?" ಇದೆ. ವೀರ್ಯಾಣುಗಳಲ್ಲಿ ಎಕ್ಸ್ ಇರುವವು ಹೆಣ್ಣು, ವೈ ಇರುವವು ಗಂಡು. ಎಕ್ಸ್ ಇರುವುದರಲ್ಲಿ ಡಿಎನ್‌ಎ ಸುಮಾರು ನೂರಕ್ಕೆ ನಾಲ್ಕರಷ್ಟು ಜಾಸ್ತಿ. ಬಣ್ಣ ಹಚ್ಚಿ ಬೆಳಕು ಬಿಟ್ಟರೆ ಅದು ಒಂದು ಚೂರು ಹೆಚ್ಚು ಹೊಳೆಯುತ್ತದೆ. ಯಂತ್ರ ಆ ಹೊಳಪು ನೋಡಿ ಒಂದೊಂದನ್ನೇ ಬೇರೆ ಮಾಡುತ್ತದೆ. ಹೀಗೆ ಬೇರೆ ಮಾಡಿದ ವೀರ್ಯ ತುಂಬಿದ ನಳಿಕೆಯನ್ನು ಆಕಳಿಗೆ ಹಾಕಿದರೆ ಹತ್ತರಲ್ಲಿ ಒಂಬತ್ತು ಹೆಣ್ಣುಗರು. ಟ್ರ್ಯಾಕ್ಟರ್ ಬಂದ ಮೇಲೆ ಗಂಡುಗರು ಬೇಡವಾದ ಕಾಲದಲ್ಲಿ ಇದಕ್ಕೆ ಬೇಡಿಕೆ ಬರುವುದು ಸಹಜ.

ಆದರೆ ಯಂತ್ರದಲ್ಲಿ ಹಾದು ಬಂದ ವೀರ್ಯಾಣು ಸೋತಿರುತ್ತದೆ, ನಳಿಕೆಯಲ್ಲಿ ಸಂಖ್ಯೆಯೂ ಕಡಿಮೆ. ಬೆದೆಯ ಹೊತ್ತು ತಪ್ಪಿದರೆ ಗಬ್ಬ ನಿಲ್ಲುವುದಿಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಇಷ್ಟು ನೆನಪಿಟ್ಟರೆ ಅರ್ಧ ಗೆದ್ದ ಹಾಗೆ. ಇನ್ನರ್ಧ ನಮ್ಮ ಕೈಯಲ್ಲಿದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಿಂದ ನಳಿಕೆ ತೆಗೆದು 37 ಡಿಗ್ರಿಯ ನೀರಿನಲ್ಲಿ ಮೂವತ್ತು ಸೆಕೆಂಡು ಇಡಬೇಕು. ಕಿಸೆಯಲ್ಲಿ ಇಟ್ಟು ಬಿಸಿ ಮಾಡುವವರನ್ನೂ ನೋಡಿದ್ದೇನೆ. ಆಮೇಲೆ ಆಕಳಿನ ತಪ್ಪು ಅನ್ನುತ್ತಾರೆ.

ಓದು, ನೌಕರಿ

ಇನ್ನು ಅಕ್ಕನ ಮಗಳ ಪ್ರಶ್ನೆ. ಪದವಿಯ ಹೆಸರು ಬಿವಿಎಸ್ಸಿ ಅಂಡ್ ಎಎಚ್, ಅಂದರೆ ಪಶುವೈದ್ಯ ವಿಜ್ಞಾನ ಮತ್ತು ಪಶುಸಂಗೋಪನೆ. ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಜೀವಶಾಸ್ತ್ರ ಇರಲೇಬೇಕು. ರಾಜ್ಯದ ಸೀಟುಗಳನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚುತ್ತದೆ, ನೂರಕ್ಕೆ 15 ಸೀಟು ನೀಟ್ ಮೂಲಕ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ಮನೆಯಲ್ಲಿ ಹೊಲ ಇದ್ದೂ ಇದಕ್ಕೆ ಅರ್ಜಿ ಹಾಕದೆ ಕೈತಪ್ಪಿಸಿಕೊಂಡ ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ನಿಯಮ ವರ್ಷಕ್ಕೆ ವರ್ಷ ಬದಲಾಗುತ್ತದೆ, ಆ ವರ್ಷದ ಮಾಹಿತಿ ಪುಸ್ತಕವನ್ನೇ ನೋಡಿ, ಅಣ್ಣ ಹೇಳಿದ ಅಕ್ಕ ಹೇಳಿದಳು ಅಂತ ಬೇಡ.

ಕಾಲೇಜುಗಳು ಬೀದರ್‌ನಲ್ಲಿರುವ ಪಶುವೈದ್ಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಹಳೆಯದು ಬೆಂಗಳೂರಿನ ಹೆಬ್ಬಾಳದ್ದು, 1958ರದ್ದು. ಬೀದರ್, ಶಿವಮೊಗ್ಗ, ಹಾಸನ, ಗದಗ ಆಮೇಲೆ ಬಂದವು. ನಮ್ಮ ಭಾಗಕ್ಕೆ ಅಥಣಿ ತಾಲ್ಲೂಕಿನ ಕೊಕಟನೂರಿನ ಕಾಲೇಜು. ನಾನು ಓದುವಾಗ ಅಥಣಿಯ ಹುಡುಗ ಬೀದರ್‌ಗೆ ಹೋಗಬೇಕೆಂದರೆ ಒಂದು ರಾತ್ರಿ ಬಸ್ಸಿನಲ್ಲೇ ಕಳೆಯಬೇಕಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಪಶುಸಂಗೋಪನೆಯ ಡಿಪ್ಲೊಮಾ ಬೇರೆ ಇದೆ. ಅದು ಓದಿದವರು ಡಾಕ್ಟರ್ ಅಲ್ಲ, ಆದರೆ ಅವರಿಲ್ಲದೆ ಒಂದು ದವಾಖಾನೆಯೂ ನಡೆಯುವುದಿಲ್ಲ.

ನೌಕರಿಯಲ್ಲಿ ಎಲ್ಲರ ಕಣ್ಣು ಸರ್ಕಾರಿ ಪಶುವೈದ್ಯಾಧಿಕಾರಿ ಹುದ್ದೆಯ ಮೇಲೆ. ಕೆಪಿಎಸ್‌ಸಿ 2024ರಲ್ಲಿ 400 ಹುದ್ದೆಗೆ ಅರ್ಜಿ ಕರೆಯಿತು. ಇಂಥ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ, ಬಂದರೂ ಮುಗಿಯಲು ಸಮಯ ಹಿಡಿಯುತ್ತದೆ. ಹುದ್ದೆ ಖಾಲಿ ಇರುವುದು ಬೇರೆ, ಅದನ್ನು ತುಂಬುವುದು ಬೇರೆ. ನಡುವಿನ ವರ್ಷಗಳಲ್ಲಿ ಹುಡುಗರು ಗುತ್ತಿಗೆ ಮೇಲೆ, ಸಂಚಾರಿ ಗಾಡಿಯಲ್ಲಿ, ಹಾಲು ಒಕ್ಕೂಟದಲ್ಲಿ ದುಡಿಯುತ್ತಾರೆ. ಬೆಳಗಾವಿಗೆ ಒಂದು ಒಕ್ಕೂಟ, ವಿಜಯಪುರ-ಬಾಗಲಕೋಟೆ ಸೇರಿ ಇನ್ನೊಂದು. ಗುತ್ತಿಗೆಯವರ ಕೆಲಸ ಅದೇ, ರಾತ್ರಿ ಫೋನೂ ಅದೇ, ಸಂಬಳ ಮಾತ್ರ ಅದೇ ಅಲ್ಲ.

ಸರ್ಕಾರದ ಹೊರಗೂ ದಾರಿಗಳಿವೆ. ಬ್ಯಾಂಕುಗಳ ಕೃಷಿ ಅಧಿಕಾರಿ ಪರೀಕ್ಷೆಗೆ ಈ ಪದವಿ ನಡೆಯುತ್ತದೆ. ಸೈನ್ಯದ ಕುದುರೆ, ಹೇಸರಗತ್ತೆ, ನಾಯಿಗಳನ್ನು ನೋಡಿಕೊಳ್ಳುವ ರಿಮೌಂಟ್ ಅಂಡ್ ವೆಟರ್ನರಿ ಕೋರ್ ಇದೆ. ಕೋಳಿ ಕಂಪನಿ, ಔಷಧ, ಲಸಿಕೆ ಕಂಪನಿಗಳಿವೆ. ಯುಪಿಎಸ್‌ಸಿಯಲ್ಲಿ ಪಶುವೈದ್ಯ ವಿಜ್ಞಾನ ಐಚ್ಛಿಕ ವಿಷಯ, ಅರಣ್ಯ ಸೇವೆಗೂ ಬರೆಯಬಹುದು. ಮುಂದಿನ ಪದವಿ ಎಂವಿಎಸ್ಸಿ ಮಾಡಿ ಸಂಶೋಧನೆಗೆ ಹೋಗುವವರು ಬರೇಲಿಯ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ (ಐವಿಆರ್‌ಐ) ಕನಸು ಕಾಣುತ್ತಾರೆ. ವಿದೇಶಕ್ಕೆ ಹೋಗುವವರು ಅಲ್ಲಿನ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಪಾಸು ಮಾಡಬೇಕು, ವರ್ಷಗಳು ಹೋಗುತ್ತವೆ, ಖರ್ಚೂ ಸಣ್ಣದಲ್ಲ.

ನಾಯಿ ಬಗ್ಗೆ ಆಸಕ್ತಿ ಇದ್ದವರಿಗೆ ನಮ್ಮ ಬಾಗಲಕೋಟೆಯಲ್ಲೇ ಒಂದು ಜಾಗ ಇದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಮುಧೋಳ ತಳಿಯ ಸಂಶೋಧನಾ ಕೇಂದ್ರವಿದೆ, ಅದೇ ವಿಶ್ವವಿದ್ಯಾಲಯದ್ದು. 2005ರಲ್ಲಿ ಈ ನಾಯಿಯ ಅಂಚೆ ಚೀಟಿ ಬಂತು. 2016ರಲ್ಲಿ ಮರಿಗಳು ಮೀರತ್‌ಗೆ, ಸೈನ್ಯದ ತರಬೇತಿಗೆ ಹೋದವು. ಆಮೇಲೆ ಬೇಡಿಕೆ ಏರಿತು. ಬೇಡಿಕೆ ಏರಿದ ಕಡೆ ಕಳ್ಳ ತಳಿಯೂ ಬರುತ್ತದೆ, ಉದ್ದ ಕಾಲಿನ ಯಾವ ಮರಿಯಾದರೂ "ಅಸಲಿ ಮುಧೋಳ". ತಳಿ ಶುದ್ಧವಾಗಿ ಉಳಿಸುವುದು ಕೂಡ ಪಶುವೈದ್ಯರದೇ ಕೆಲಸ, ಕಿಲಾರಿಗೂ ಕೃಷ್ಣಾ ಕಣಿವೆ ದನಕ್ಕೂ ಇದೇ ಮಾತು.

"ಹೆಣ್ಣುಮಗಳ ಕೈಲೆ ಆಕ್ಕತೇನ?" ಅಂತ ಅಕ್ಕ ನಡುವೆ ಕೇಳಿದಳು. ಎಮ್ಮೆಯನ್ನು ಯಾವ ಗಂಡಸೂ ಬಲದಿಂದ ಹಿಡಿಯಲು ಆಗುವುದಿಲ್ಲ, ಹಗ್ಗದಿಂದ, ಉಪಾಯದಿಂದಲೇ ಹಿಡಿಯುವುದು. ಕುರಿ, ಆಡಿನ ಹೊಟ್ಟೆಯಲ್ಲಿ ಮರಿ ಅಡ್ಡ ಆದರೆ ನನ್ನ ಕೈ ಒಳಗೆ ಹೋಗುವುದೇ ಕಷ್ಟ. ಅಂಥ ಕೇಸಿಗೆ ನಾನೇ ಪಕ್ಕದ ದವಾಖಾನೆಯ ಡಾಕ್ಟರ್ ಮೇಡಮ್ಮಿಗೆ ಫೋನ್ ಮಾಡುತ್ತೇನೆ. ಸಣ್ಣ ಕೈ ಅಲ್ಲಿ ದೊಡ್ಡ ಆಸ್ತಿ.

ಒಂದು ವಿಷಯ ಮಾತ್ರ ಹೆದರಿಸಿಯೇ ಹೇಳಿದೆ. ಕಂದು ರೋಗ ಬಂದ ಆಕಳು ಕರು ಹಾಕಿದಾಗ ಅದರ ಕಸ (ಮಾಸು), ನೀರು ಎಲ್ಲದರಲ್ಲೂ ರೋಗಾಣು ಇರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ನಮಗೆ ಬರುತ್ತದೆ. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಬೆವರು, ಕೀಲು ನೋವು. ನನ್ನ ಬ್ಯಾಚಿನವನೊಬ್ಬ ಎರಡು ವರ್ಷ ಟೈಫಾಯಿಡ್ ಅಂತ ಔಷಧ ತಿಂದ, ಆಮೇಲೆ ಗೊತ್ತಾಯಿತು. ಭುಜದವರೆಗಿನ ಗ್ಲೌಸು ಹಾಕದೆ ಗಬ್ಬದ ಹೊಟ್ಟೆಗೆ ಕೈ ಹಾಕಬೇಡ. ನಾಯಿ ಮುಟ್ಟುವ ಮೊದಲು ರೇಬಿಸ್ ಲಸಿಕೆ ತಗೋ.

ಇಷ್ಟೆಲ್ಲ ಫೋನಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ ಅಂತ ಒಂದು ದಿನ ದವಾಖಾನೆಗೇ ಬಾ ಅಂದೆ. ಮಂಗಳವಾರ ಬಂದಳು. ಮೊದಲ ಕೇಸೇ ಕಸ ಬೀಳದೆ ಮೂರು ದಿನವಾದ ಎಮ್ಮೆ. ವಾಸನೆಗೆ ಹೊರಗೆ ಓಡಿಹೋಗಿ ಬೇವಿನ ಮರದ ಕೆಳಗೆ ನಿಂತಳು. ಹತ್ತು ನಿಮಿಷ ಬಿಟ್ಟು ವಾಪಸ್ ಬಂದು, ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟಿನ ಆಚೆ ಕಡೆ, ಎಮ್ಮೆಯ ಮುಖದ ಹತ್ತಿರ ಹೋಗಿ ಹಗ್ಗ ಹಿಡಿದಳು. ಮಧ್ಯಾಹ್ನ ಒಂದು ಕುಂಟ ಆಡು, ಎರಡು ನಾಯಿ, ಉಳಿದದ್ದು ನನ್ನ ಆ್ಯಪು. ಆ್ಯಪು ತುಂಬುವಾಗ ಬೇಜಾರಾಗಿ ಮೊಬೈಲ್ ಕಸಿದುಕೊಂಡು ಅವಳೇ ತುಂಬಿಕೊಟ್ಟಳು, ನನಗಿಂತ ಬೇಗ.

ಆಯ್ಕೆ ಪಟ್ಟಿಯಲ್ಲಿ ಮೊದಲಿಗೆ ಕೊಕಟನೂರು ಹಾಕಿದ್ದಾಳೆ. ಎರಡನೆಯದು ಗದಗ. ಅಕ್ಕನ ಒತ್ತಾಯಕ್ಕೆ ಮೂರನೆಯದಾಗಿ ನರ್ಸಿಂಗ್ ಇದೆ.